ಟೈರಿನ ಅಂಚು

ಊಟದ ಮೇಜಿನ ಮೇಲೆ ಭಾವ ಬಾಂಬು ಹಾಕಿದ.

"ಮಾವ, ಇವನ ಸ್ಪೋರ್ಟ್ಸ್ ಬೈಕು ಬಿಳಿ ಆನೆ. ಸಂಬಳವೆಲ್ಲ ಸರ್ವೀಸಿಗೇ ಸುರೀತಾನೆ. ಮಾರಿಸಿಬಿಡಿ. ಬೇಕಾದ್ರೆ ನಾನೇ ಅರ್ಧ ಬೆಲೆಗೆ ತಗೋತೀನಿ."

ಅಪ್ಪ ಹೌದೆಂಬಂತೆ ತಲೆಯಾಡಿಸಿದರು.

ಆನೆಗೆ ಅಷ್ಟು ಮೇವು ಯಾಕೆ ಬೇಕೆಂದು ಭಾವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಪ್ರತಿ ಭಾನುವಾರ ಆಫೀಸಿನ ನೆಪದಲ್ಲಿ ಬೈಕು ಒಯ್ದು, ಬೆಟ್ಟದ ರಸ್ತೆಯಲ್ಲಿ ಗೆಳೆಯರ ಜೊತೆ ರೇಸು ಬಿಟ್ಟು, ಒಣಗಿದ ಚೈನು, ಸವೆದ ಬ್ರೇಕ್ ಪ್ಯಾಡಿನ ಸಮೇತ ಸಂಜೆ ತಂದು ನಿಲ್ಲಿಸುತ್ತಿದ್ದವನು ಅವನೇ. "ನಿಮ್ಮಕ್ಕನ ಮುಂದೆ ಬಾಯಿ ಬಿಡಲ್ಲ ಅಂತ ಮಾತು ಕೊಡು" ಎಂದಿದ್ದ. ಕೊಟ್ಟಿದ್ದೆ. ಒಮ್ಮೆ ಮಾತು ಕೊಟ್ಟರೆ ಸಿನಿಮಾ ಹೀರೋನಂತೆ ಕ್ಲೈಮ್ಯಾಕ್ಸ್‌ನಲ್ಲೂ ಮುರಿಯದ ವಂಶ ನಮ್ಮದು.

ಆದರೆ ಸೇಡಿಗೆ ಬಾಯಿಯೇ ಬೇಕೆಂದಿಲ್ಲ.

"ಆಯ್ತು ಭಾವ," ಎಂದೆ. "ಒಂದು ತಿಂಗಳು ನೀವೇ ಸಾಕಿ ನೋಡಿ. ಖರ್ಚೂ ನಿಮ್ದೇ. ಆಮೇಲೆ ಬೆಲೆ ಮಾತಾಡೋಣ."

"ನ್ಯಾಯವಾಗಿದೆ," ಎಂದರು ಅಪ್ಪ.

"ಚೈನಿಗೆ ಎರಡು ತೊಟ್ಟು ಎಣ್ಣೆ ಬಿಟ್ರೆ ಸಾಕು, ಓಡುತ್ತೆ," ಎಂದು ಭಾವ ನಕ್ಕ.

ಕುರಿ ತಾನಾಗಿಯೇ ಕಸಾಯಿ ಅಂಗಡಿಗೆ ಹೊರಟಿತು. ದೊಡ್ಡ ಸರ್ವೀಸಿನ ಗಡುವು ಬಂದಿತ್ತು. ವಾಲ್ವ್ ನೋಡಬೇಕೆಂದರೂ ಟ್ಯಾಂಕು ಇಳಿಸಿ, ಅರ್ಧ ಇಂಜಿನ್ನು ಬಿಚ್ಚುವ ಜಾತಿಯ ಬೈಕು ಅದು. ಬಿಚ್ಚಿದ ಮೇಲೆ ಮೆಕ್ಯಾನಿಕ್ಕು ಭಾವನಿಗೆ ಫೋನು ಮಾಡಿದ: "ಸಾರ್, ಟೈರು, ಚೈನು, ಪ್ಯಾಡು, ಯಾವುದೂ ಉಳಿದಿಲ್ಲ." ಭಾವ ಹಲ್ಲು ಕಚ್ಚಿ ಎಲ್ಲ ಹೊಸದು ಹಾಕಿಸಿದ.

ಈ ಮೆಕ್ಯಾನಿಕ್ಕಿನದು ಒಂದು ಪದ್ಧತಿ. ತೆಗೆದ ಹಳೇ ಸಾಮಾನನ್ನೆಲ್ಲ ಮನೆಗೆ ಕಳಿಸುತ್ತಾನೆ. ಹೊಸದು ಹಾಕಲೇ ಇಲ್ಲ ಎಂದು ನಾಳೆ ಯಾರೂ ತಗಾದೆ ತೆಗೆಯಬಾರದು. ಅದು ನನಗೆ ಗೊತ್ತಿತ್ತು, ಭಾವನಿಗೆ ಗೊತ್ತಿರಲಿಲ್ಲ. "ಬೈಕು ಈಗ ಅಕ್ಕನ ಮನೇಲಿದೆ, ಸಾಮಾನೂ ಅಲ್ಲಿಗೇ ಕಳಿಸಿ" ಎಂದು ಮೆಕ್ಯಾನಿಕ್ಕಿಗೆ ಹೇಳಿದೆ. ಮಾಡಿದ್ದು ಅಷ್ಟೇ.

ನನಗೆ ಬೈಕು ಕಲಿಸಿದವಳೇ ಅಕ್ಕ. ನಾನು ಹೋದಾಗ ಅವಳು ಮೆಟ್ಟಿಲ ಮೇಲೆ ಕೂತು, ಹಳೇ ಟೈರನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಾಡಿಸುತ್ತಿದ್ದಳು. ನಡುವಿನ ಪಟ್ಟಿ ಇನ್ನೂ ಗಟ್ಟಿ. ಎರಡೂ ಅಂಚು ಮಾತ್ರ ತುರಿಮಣೆಗೆ ಉಜ್ಜಿದಂತೆ ಸವೆದು, ರಬ್ಬರು ಉಂಡೆಯುಂಡೆಯಾಗಿ ಎದ್ದಿತ್ತು. ಬೈಕನ್ನು ಪಕ್ಕಕ್ಕೆ ಮಲಗಿಸಿಕೊಂಡು ತಿರುವು ಹೊಡೆಯದೆ ಟೈರು ಹಾಗೆ ಸವೆಯುವುದಿಲ್ಲ.

ಭಾವ ಒಳಗಿಂದ ಬಂದ. ಟೈರು ನೋಡಿದ. ನನ್ನನ್ನು ನೋಡಿದ. ನಾನು ತುಟಿಯ ಮೇಲೆ ಬೆರಳಿಟ್ಟು ತೋರಿಸಿದೆ.

"ರೀ," ಎಂದಳು ಅಕ್ಕ, ತಣ್ಣಗೆ. "ನಿಮ್ಮ ಆಫೀಸಿಗೆ ರಸ್ತೆ ನೇರ ಅಲ್ವಾ? ಇವನ ಫ್ಯಾಕ್ಟರಿಗೂ ನೇರ."

"ಹೂಂ."

"ಮತ್ತೆ ಭಾನುವಾರದ ಆಫೀಸು ಯಾವ ತಿರುವಲ್ಲಿದೆ?"

ಆ ವಾರವೇ ಭಾವ ಅಪ್ಪನ ಮುಂದೆ ಕೀಲಿಕೈ ಇಟ್ಟ. "ಮಾವ, ಬೈಕು ಇವನಿಗೇ ಇರಲಿ."

"ಯಾಕೆ, ಖರ್ಚು ಜಾಸ್ತಿನಾ?"

"ಇನ್ಮೇಲೆ ಜಾಸ್ತಿ ಆಗಲ್ಲಪ್ಪ," ಎಂದಳು ಅಕ್ಕ.

ಆಗುತ್ತಲೂ ಇಲ್ಲ. ಅಕ್ಕನ ಆಜ್ಞೆಯಂತೆ ಈಗ ಪ್ರತಿ ಭಾನುವಾರ ಭಾವ ನಮ್ಮ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು, ಹಲ್ಲುಜ್ಜುವ ಬ್ರಷ್ಷಿನಲ್ಲಿ ಚೈನಿನ ಕೊಂಡಿ ಕೊಂಡಿಯನ್ನೂ ತಿಕ್ಕುತ್ತಾನೆ. ನಾನು ಕುರ್ಚಿ ಹಾಕಿಕೊಂಡು, ಕಾಲ ಮೇಲೆ ಕಾಲು ಹಾಕಿ, ಎಣ್ಣೆ ಡಬ್ಬ ಹಿಡಿದಿರುತ್ತೇನೆ.

"ಎರಡು ತೊಟ್ಟು ಸಾಕಾ ಭಾವ?"