ಗಟ್ಟಿಮೇಳಕ್ಕೆ ಸಿಕ್ಕ ತೋಡಿ

ನಾನು ಒಂದು ನಾಗಸ್ವರ. ಕೆಡವಿದ ಹಳೆ ಮನೆಯ ತೊಲೆಯಿಂದ ನನ್ನನ್ನು ಕಡೆದರು. ಹಸಿ ಮರ ನಮಗೆ ಆಗದು. ಹೊಗೆ ಕುಡಿದು ಒಣಗಿದ ಮರವೇ ಬೇಕು. ಕಡೆದ ಆಚಾರಿ ಊದಿ ನೋಡಿ, ಇದು ದೊಡ್ಡ ರಾಗಗಳನ್ನು ತಾಳಿಕೊಳ್ಳುವ ವಾದ್ಯ ಎಂದಿದ್ದ. ಆ ಮಾತು ನಂಬಿಕೊಂಡು ನಾನು ಚಿಂತಾಮಣಿಗೆ ಬಂದೆ.

ಕೊಂಡವರು ಮುನಿಪಿಳ್ಳಪ್ಪನವರು. ಬೆಳಗಾದರೆ ನನ್ನ ತುದಿಗೆ ಸಿಕ್ಕಿಸುವ ಪೀಪಿಯನ್ನು ಬಾಯಲ್ಲಿ ನೆನೆಸಿಕೊಂಡು ತೋಡಿ ರಾಗ ಹಿಡಿಯುತ್ತಿದ್ದರು. ಎಷ್ಟು ಹೊತ್ತು ಊದಿದರೂ ಅದೇ ಸ್ವರಕ್ಕೆ ಹೊಸ ದಾರಿಯಿಂದ ಬರುತ್ತಿದ್ದರು. ಅಂಥವರನ್ನು ಊರು ಕರೆದದ್ದು ‘ವಾಲಗದೋನು’ ಎಂದು. ಮದುವೆ ಮನೆಯಲ್ಲಿ ಅವರಿಗೆ ಕೊಟ್ಟ ಜಾಗ ಚಪ್ಪಲಿ ಬಿಡುವ ಮೂಲೆ. ಊಟಕ್ಕೆ ಕೊನೇ ಪಂಕ್ತಿ.

ಅದನ್ನಾದರೂ ನುಂಗಬಹುದಿತ್ತು. ತೋಡಿ ಇನ್ನೇನು ಅರಳಿತು ಅನ್ನುವಾಗ ಪುರೋಹಿತರು ಬೆರಳಾಡಿಸಿ, “ಗಟ್ಟಿಮೇಳ! ಗಟ್ಟಿಮೇಳ!” ಅನ್ನುತ್ತಿದ್ದರು. ತಾಳಿ ಕಟ್ಟುವಾಗ ಯಾರ ಸೀನೂ ಕೇಳಿಸಬಾರದು, ಅದಕ್ಕೆ ನಾವು ಕಿರುಚಬೇಕು. ರಾಗ ಇದ್ದಲ್ಲೇ ಸಾಯಬೇಕು.

ಡೋಲಿನ ಅಂಜಿನಪ್ಪ ನಗುತ್ತಿದ್ದ. “ಅಣ್ಣೋ, ನಿನ್ ತೋಡಿ ಮುಗಿಯೋಷ್ಟರಲ್ಲಿ ಇವರ ಮಗೀಗೆ ನಾಮಕರಣ ಆಗೋಗಿರ್ತೈತೆ.”

“ನಗು, ನಗು. ಕೂತು ಕೇಳೋರ ಮುಂದೆ ಒಂದೇ ಒಂದ್ಸಲ ಪೂರ್ತಿ ಊದ್ಬೇಕು ಕಣೋ. ಅಷ್ಟೇ ನನ್ನಾಸೆ.”

ಮುಂದೆ ಅವರು ಸಂಗೀತ ಶಾಲೆಯ ಮೇಷ್ಟರಾದರು. ವೀಣೆ ತರಗತಿಗೆ ಗದ್ದಲವೆಂದು ಶಾಲೆಯವರು ನಮ್ಮನ್ನು ಸೈಕಲ್ ಸ್ಟ್ಯಾಂಡಿಗೆ ಅಟ್ಟಿದರು. ಅಲ್ಲಿಗೇ ಅವರ ತಮ್ಮನ ಮಗಳು ಯಶೋದೆ ಕಲಿಯಲು ಬಂದಳು.

“ಹೆಣ್ಣುಡುಗಿ ವಾಲಗ ಊದ್ತಾಳಾ?” ಎಂದರು ನೆಂಟರು.

“ಉಸಿರೈತಲ್ಲ, ಊದ್ತಾಳೆ,” ಎಂದರು ಮೇಷ್ಟರು.

ಆಮೇಲೆ ಬೆಂಗಳೂರಿನಿಂದ ನಿರಂಜನ ಎಂಬ ಹೊಸ ಸಂಗೀತ ಕಟ್ಟುವವನು ಬಂದ. “ಸಾರ್, ನಿಮ್ಮ ತೋಡಿ ಪೂರ್ತಿ ಬೇಕು,” ಎಂದು ರೆಕಾರ್ಡಿಂಗಿಗೆ ಕರೆದೊಯ್ದ. ಮುನಿಪಿಳ್ಳಪ್ಪನವರು ಕಣ್ಣು ಮುಚ್ಚಿ ಗಾಜಿನ ಗೋಡೆಗೆ ತೋಡಿ ಕೇಳಿಸಿದರು. ಕೊನೆಗೆ ಅವನು, “ಸುಮ್ನೆ ಒಂದು ಗಟ್ಟಿಮೇಳನೂ ಕೊಡಿ ಸಾರ್,” ಎಂದ. ಕೊಟ್ಟರು.

ಹಾಡು ಹೊರಬಂದಾಗ ಅದರಲ್ಲಿ ತೋಡಿ ಇರಲಿಲ್ಲ! ಗಿಟಾರುಗಳ ನಡುವೆ ಗಟ್ಟಿಮೇಳ ಮಾತ್ರ ಇತ್ತು. ಅದೇ ತುಣುಕು ಮದುವೆ ಛತ್ರಗಳ ಹಾಡಿನ ಪೆಟ್ಟಿಗೆಯೊಳಗೆ ಸೇರಿತು. ಗುಂಡಿ ಒತ್ತಿದರೆ ವಾಲಗ. ನಮ್ಮನ್ನು ಮದುವೆಗಳಿಗೆ ಕರೆಯುವುದು ನಿಂತಿತು. ನಮ್ಮ ದನಿಯೇ ನಮ್ಮನ್ನು ಮನೆಯಲ್ಲಿ ಕೂರಿಸಿತು.

ಅವರ ಹಲ್ಲು ಬಿದ್ದವು. ಪೀಪಿ ಬಾಯಲ್ಲಿ ನಿಲ್ಲದಾಯಿತು. ನಾನು ಯಶೋದೆಯ ಕೈಗೆ ಬಂದೆ.

ಕೊನೆಗೂ ಒಂದು ಸಂಗೀತ ಸಭೆ ಛತ್ರವೊಂದರಲ್ಲಿ ಅವಳ ಕಛೇರಿ ಇಟ್ಟಿತು. ವೇದಿಕೆ, ಜಮಖಾನ, ಎದುರಿಗೆ ಕೂತ ಜನ, ಮುಂದಿನ ಸಾಲಿನಲ್ಲಿ ದೊಡ್ಡಪ್ಪ. ಅವಳು ತೋಡಿ ಹಿಡಿದಳು. ಅರ್ಧಕ್ಕೆ ಬಂದಾಗ ಮುಖ್ಯ ಅತಿಥಿಗಳ ಕಾರು ನಿಂತಿತು. ಸಭೆಯ ಕಾರ್ಯದರ್ಶಿ ಓಡಿ ಬಂದ.

“ಅತಿಥಿಗಳು ಬಂದ್ರಮ್ಮ, ಗಟ್ಟಿಮೇಳ ಬಾರಿಸು!”

ಯಶೋದೆ ನಿಲ್ಲಿಸಲಿಲ್ಲ. ಅವನು ಹೋಗಿ ಛತ್ರದ ಪೆಟ್ಟಿಗೆಯ ಗುಂಡಿ ಒತ್ತಿದ. ಧ್ವನಿವರ್ಧಕದಿಂದ ಮುನಿಪಿಳ್ಳಪ್ಪನವರ ಉಸಿರೇ ಅಬ್ಬರಿಸಿ ನನ್ನ ತೋಡಿಯ ಮೇಲೆ ಬಿತ್ತು.

ಮುದುಕರು ಎದ್ದರು. ಕುರ್ಚಿಗಳನ್ನು ಹಿಡಿದು ಹಿಡಿದು ನಡೆದು ಹೋಗಿ ವೈರು ಕಿತ್ತರು.

“ಏನ್ ಮಾಡ್ತಿದ್ದೀರಿ ಯಜಮಾನ್ರೇ!”

“ಅದರೊಳಗೆ ಊದ್ತಿರೋನು ನಾನೇ ಕಣಪ್ಪ. ನನ್ ಬಾಯಿ ನಾನ್ ಮುಚ್ಚಿದೀನಿ. ನೀನೂ ಮುಚ್ಕೊಂಡು ಕೂತ್ಕೊ.”

ಅತಿಥಿಗಳು ಬಾಗಿಲಲ್ಲೇ ನಿಂತರು. ತೋಡಿ ಮುಗಿಯುವವರೆಗೆ ಅವರ ಕೊರಳಿಗೆ ಹಾರ ಬೀಳಲಿಲ್ಲ.

ಈಗ ನನ್ನ ರಂಧ್ರಗಳು ಸವೆದಿವೆ. ಯಶೋದೆಯ ಮನೆಯ ಕಪಾಟಿನಲ್ಲಿ ಬಟ್ಟೆ ಸುತ್ತಿಕೊಂಡು ಮಲಗಿದ್ದೇನೆ. ಮುನಿಪಿಳ್ಳಪ್ಪನವರು ಈಗಿಲ್ಲ. ಆ ದಿನವನ್ನು ಜನ ಅವರ ಗೆಲುವು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಯಶೋದೆ ಚೆನ್ನಾಗಿಯೇ ಊದಿದಳು. ಆದರೆ ಅವರು ಆ ಸಭೆಯಲ್ಲಿ ಕೆಳಗೆ ಕೂತು ಕೇಳಬೇಕಾದವರಲ್ಲ, ಮೇಲೆ ಕೂತು ಊದಬೇಕಾದವರು.