ತೊಗಟೆ ಸಮೇತ

ಒಂದು ಬೊಡ್ಡೆ ಕೀಳುವುದಕ್ಕೆ ಇಬ್ಬರು ಆಳು, ಒಂಬತ್ತು ದಿನ, ಎರಡು ಹಾರೆ. ಹೊಲದ ಕಡೆಯ ಬೊಡ್ಡೆ ಆ ಆಳುಗಳಲ್ಲೊಬ್ಬನಾದ ಮಾವನ ಬಲಗೈಯ ಎರಡು ಬೆರಳನ್ನೂ ತೆಗೆದುಕೊಂಡಿತು. ಹಾಗೆ ಕಾಡು ಕಡಿಸಿದ ಹೊಲದಲ್ಲಿ ಧಣಿ ಇಪ್ಪತ್ತು ವರ್ಷ ಬೆಳೆ ಎತ್ತಿದ. ಮಣ್ಣು ಸತ್ತು ಕಾಳಿಗಿಂತ ಕಲ್ಲೇ ಹೆಚ್ಚಾದಾಗ, "ನೀವೇ ನೆಕ್ಕೊಳ್ರೋ" ಎಂದು ಆಳುಗಳಿಗೆ ಬಿಸಾಕಿ ಹೋದ.

ಬದುವಿನಲ್ಲಿ ಉಳಿದಿದ್ದ ಬೊಡ್ಡೆಗಳು ಚಿಗುರಿದವು, ಬೀಜ ಉದುರಿದವು, ಹೊಲ ಮತ್ತೆ ಕಾಡಿನ ದಾರಿ ಹಿಡಿಯಿತು. ಸೊಸೆ ಹದಿನೆಂಟು ವರ್ಷ ಆ ಸಸಿಗಳನ್ನು ಮೇಕೆಗಳ ಬಾಯಿಗೆ ಬಿಡದೆ ಕಾದಳು. ಮರಗಳು ತೊಡೆಗಾತ್ರ ಬಂದವು. ಧಣಿಯೂ ಬಂದ.

"ಯಾರಪ್ಪನ ಮರ ಅಂತ ಸಾಕ್ದೆ, ಕಳ್ಳಮುಂಡೆ?"

"ಬಿಸಾಕಿದ್ದು ನೀವೇ ಅಲ್ವಾ, ಧಣಿ?"

"ಹೊಲ ಬಿಸಾಕ್ದೆ. ಮರ ಬಿಸಾಕಿದ್ನಾ?"

ಪಕ್ಕದಲ್ಲಿದ್ದ ಗುಮಾಸ್ತ ಕಿಸಕ್ಕನೆ ನಕ್ಕ.

ಕಡಿಯುವ ಕೆಲಸವೂ ಮಾವ-ಸೊಸೆಯದೇ ಆಯಿತು. ಹಲವು ದಿಮ್ಮಿಗಳ ತೊಗಟೆಯಲ್ಲಿ ತೂತು, ತೂತಿನಿಂದ ಹಿಟ್ಟು. ಹುಳ ಬಿದ್ದ ಮರದ ತೊಗಟೆಯನ್ನು ಕಡಿದ ಜಾಗದಲ್ಲೇ ಸುಲಿದು ಸುಡುವುದು ಅವರ ರೂಢಿ. ಮಾವ ಕತ್ತಿ ಹಾಕಿದ್ದೇ ತಡ, ಧಣಿ ಅವನ ಬೆನ್ನಿಗೆ ಒದ್ದ.

"ಸೌದೆ ಕದೀತೀಯೇನೋ, ಮೊಂಡಗೈ ಬೋಳಿಮಗನೆ?"

"ಹುಳ ಇದೆ, ಧಣಿ. ಸುಡದೆ ಇದ್ರೆ ಬೇರೆ ಮರಕ್ಕೂ..."

"ನಿನ್ನತ್ರ ಪಾಠ ಕಲೀಬೇಕಾ? ಉಗುರಷ್ಟು ತೊಗಟೆ ಕಿತ್ರೂ ನಿನ್ನ ಚರ್ಮ ಸುಲೀತೀನಿ. ಎಲ್ಲಾ ತಗೊಂಡೋಗಿ ನಮ್ಮನೆ ಹಿಂದೆ ಹಾಕಿ."

ಧಣಿಯ ಮನೆ ಹಿಂದೆ ಅವನ ತಾತ ಕೊಡಲಿ ಸೋಕಿಸದೆ ಉಳಿಸಿದ್ದ ನಲವತ್ತು ಮರಗಳಿದ್ದವು, ಇದೇ ಜಾತಿಯವು. ಮಾವ ಮಣ್ಣು ಕೊಡವಿಕೊಂಡು ಎದ್ದ. "ಇನ್ನೊಂದು ಸಲ ಹೇಳ್ನೋಡೇ, ತಾಯಿ. ಆ ಮರಗಳೇನು ಮಾಡಿದ್ವು ಪಾಪ."

"ಹೇಳಾಯ್ತು, ಒದೆ ತಿಂದಾಯ್ತು. ಹೊರು, ಮಾವ."

ತೊಗಟೆ ಸುಲಿಯಲೆಂದು ಬೇರೆ ಇಟ್ಟಿದ್ದ ದಿಮ್ಮಿಗಳನ್ನೂ ಸೊಸೆ ಬಿಡಲಿಲ್ಲ. ಹುಳ ಬಿದ್ದವನ್ನೇ ಆರಿಸಿ, ಧಣಿಯ ಹಿತ್ತಲಿನ ಒಂದೊಂದು ದೊಡ್ಡ ಮರಕ್ಕೆ ಒಂದೊಂದರಂತೆ ಒರಗಿಸಿದಳು.

"ಹೀಗಿಟ್ರೆ ಗಾಳಿ ಆಡುತ್ತೆ, ಧಣಿ."

"ಈಗ ಬುದ್ಧಿ ಬಂತು ನೋಡು."

ಮೊದಲ ಮಳೆಗೆ ಹುಳಗಳು ತೊಗಟೆಯಿಂದ ಹೊರಬಿದ್ದವು. ಎರಡನೇ ಬೇಸಿಗೆಗೆ ನಲವತ್ತೂ ನಿಂತಲ್ಲೇ ಒಣಗಿದವು. ಬುಡದಲ್ಲಿ ಹಿಟ್ಟಿನ ಗುಡ್ಡೆ. ಕಡಿಯಲು ಧಣಿ ಇವರಿಗೇ ಹೇಳಿಕಳಿಸಿದ. ಅವನ ಮುಖ ಇಳಿದಿತ್ತು. ಸೊಸೆ ಸೆರಗು ಸಿಕ್ಕಿಸಿ, ಕೊಡಲಿ ಊರಿಕೊಂಡು ನಿಂತಳು.

"ತೊಗಟೆ ಸುಲೀಲಾ, ಧಣಿ?"

ಧಣಿ ಅವಳನ್ನೇ ನೋಡಿದ.

ಮಾವನ ಬೆರಳು ತಿರುಗಿ ಬರಲಿಲ್ಲ. ಹೊಲ ಬರಲಿಲ್ಲ. ಸೊಸೆ ಸಾಕಿದ ಮರಗಳಲ್ಲಿ ಒಂದೂ ಉಳಿದಿರಲಿಲ್ಲ. ಧಣಿಯ ನಲವತ್ತೂ ಹೋದವು.