ಕೆಂಪಿಗೆ ಹಾರುವ ಮುಳ್ಳು

ರೀ ಭಾವ, ರಿಪೇರಿ ಮಾಡೋನು ನಾನಾ ನೀವಾ, ಬಾಯಿ ಮುಚ್ಚಿಕೊಂಡು ಅತ್ತ ನಿಂತ್ಕೊಳ್ಳಿ — ಅಂದೇಬಿಟ್ಟ, ಗಂಟಲು ತಾನಾಗಿ ಏರಿಹೋಗಿತ್ತು, ಹಿಂದಿನ ಸೀಟಿನಿಂದ ಅಕ್ಕ, ಲೋ, ಮೆತ್ತಗೆ ಮಾತಾಡೋ, ಬೀದಿಯವರೆಲ್ಲ ನೋಡ್ತಿದ್ದಾರೆ ಅಂದಳು, ನೋಡಲಿ ಬಿಡು, ಭಾವ ಮಾತ್ರ ಗ್ಯಾರೇಜಿನ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು, ಈ ಮೂಗಿನ ತುದಿ ಕೋಪಕ್ಕೇ ಕಣಯ್ಯಾ ನಿನ್ನ ಹತ್ರ ಗಿರಾಕಿ ನಿಲ್ಲಲ್ಲ, ನಾನಾದ್ರೆ ನನ್ನ ಗಾಡಿಗೆ ನಿನ್ನ ಬಿಟ್ಟು ಇನ್ನೊಬ್ಬನ ಕೈ ಸೋಕಿಸಿಲ್ಲ, ಗೊತ್ತಾ — ಏನು ಉಪಕಾರ, ತಲೆ ಮೇಲೆ ಹೊತ್ತು ಮೆರವಣಿಗೆ ಮಾಡಬೇಕೇನೋ, ಕೀಲಿ ತಿರುಗಿಸಿದ, ಎಂಜಿನ್ ಗುರುಗುಟ್ಟಿತು, ಟೆಂಪರೇಚರ್ ಮುಳ್ಳು ಮೆಲ್ಲಗೆ ಏರಿ ನಡುವೆ ನಿಂತಿತು, ನಿಂತದ್ದು ಥಟ್ಟನೆ ಕೆಂಪಿಗೆ ಹಾರಿತು, ಮತ್ತೆ ದೊಪ್ಪನೆ ಬಿತ್ತು, ನೋಡಿದ್ಯಾ ನೋಡಿದ್ಯಾ, ಅವತ್ತೂ ಹಿಂಗೇ ಅಂತಾನೆ ಭಾವ, ಅವತ್ತು — ನಾಲಿಗೆ ಮೇಲೆ ಅವತ್ತು ಅನ್ನೋ ಮಾತು ಹೇಗಾದರೂ ಬರುತ್ತೋ ಇವನಿಗೆ.

ಅವತ್ತು ಅಮ್ಮ ಇದೇ ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ, ಗೋಡೆ ಕಡೆ ತಲೆಹಾಕಿ ಕೊನೇ ಗಳಿಗೆ ಎಣಿಸುತ್ತಾ ಮಲಗಿದ್ದವಳು, ಹೊರಗೆ ಯಾವ ಗಾಡಿ ನಿಂತರೂ ಕಣ್ಣು ಬಾಗಿಲಿಗೆ ಹೋಗುತ್ತಿತ್ತು, ಮಗಳು ಬಂದ್ಲಾ, ಬರ್ತಾಳೆ ಕಣಮ್ಮಾ, ಆಯಿಲ್ ಬದಲಿಸೋಕೆ ಬಂದವನ ಗಾಡಿ ಅದು, ಅಲ್ಲಿ ಗಂಡನ ಮನೆಯಲ್ಲಿ ಅಕ್ಕ ಸೀರೆಯುಟ್ಟು ಚೀಲ ಹಿಡಿದು ಗೇಟಿನಲ್ಲಿ ಕಾದಿದ್ದಳಂತೆ, ಕೆಲಸದಿಂದ ಬಂದು ಕರಕೊಂಡು ಹೋಗ್ತೀನಿ ಅಂದ ಗಂಡ ಫೋನಿನಲ್ಲಿ, ಗಾಡಿ ಕುದೀತಾ ಇದೆ ಕಣೇ, ದಾರೀಲಿ ಸಿಕ್ಕಿಹಾಕ್ಕೊಂಡಿದ್ದೀನಿ, ಕೊಡಗಟ್ಟಲೆ ನೀರು ಹೊಯ್ದೆ, ಮುಳ್ಳು ಕೆಳಗೆ ಇಳೀತಿಲ್ಲ, ನಾಳೆ ಹೋಗೋಣ — ನಾಳೆ ಬಂದರು, ಅಮ್ಮನ ಹಾಸಿಗೆ ಸುತ್ತಿ ಮೂಲೆಗಿಟ್ಟಾಗಿತ್ತು, ಗಾಡಿ ಕೈಕೊಡ್ತಲ್ಲಪ್ಪಾ, ಏನ್ಮಾಡೋದು ಅಂತ ಭಾವ ಹೆಗಲು ತಟ್ಟಿದ, ಆ ಕೈಯನ್ನು ಅವತ್ತೇ ಸ್ಪ್ಯಾನರಿನಲ್ಲಿ ಹಿಡಿದು ತಿರುಚಬೇಕಿತ್ತು, ಅಕ್ಕನ ಮುಖ ನೋಡಿ ಸುಮ್ಮನಾಗಿದ್ದ, ಅಮ್ಮ ಯಾವತ್ತೋ ನೆಂಟರೆದುರಿಗೆ ಬಡಾಯಿಬುಡುಕ ಅಂದಿದ್ದಕ್ಕೆ ಹಲ್ಲು ಮಸೆಯುತ್ತಿದ್ದ ಅಳಿಯ ಇವನು, ಸುಳ್ಳು ಅಂತ ಗೊತ್ತಿತ್ತು, ಒಳಗೊಳಗೇ ಗೊತ್ತಿತ್ತು, ಕೈಗೆ ಪುರಾವೆ ಏನೂ ಸಿಕ್ಕಿರಲಿಲ್ಲ.

ಮುಳ್ಳು ಮತ್ತೆ ಕೆಂಪಿಗೆ. ಪೈಪ್ ಮುಟ್ಟಿ ನೋಡಿದ, ಹದವಾದ ಬಿಸಿ, ಹೆಡ್‌ಲೈಟ್ ಹಾಕಿದ, ಹಾರಿತು, ಆರಿಸಿದ, ಬಿತ್ತು, ಹಾಕಿದ, ಹಾರಿತು — ಲೈಟ್ ಹಾಕಿದ ಮಾತ್ರಕ್ಕೆ ನೀರು ಕುದಿಯುತ್ತೇನೋ ಮಂಕೇ, ಇದು ಬಿಸಿಯಲ್ಲ, ಅರ್ತ್ ತಂತಿ ಸಡಿಲ, ಕರೆಂಟು ತಪ್ಪಿ ಮುಳ್ಳು ಸುಮ್ಮನೆ ಕುಣೀತಿದೆ, ಬಗ್ಗಿ ಕೈಯಾಡಿಸಿದ, ಎಂಜಿನ್ನಿಗೆ ಬಿಗಿದ ಬೋಲ್ಟು ತುಕ್ಕು ತಿಂದು ಹಳೇ ಹಲ್ಲಿನ ಹಾಗೆ ಅಲ್ಲಾಡುತ್ತಿತ್ತು, ಹಾಗೇ ಬಿಟ್ಟುಬಿಡಲಾ, ಕೆಂಪು ಕಂಡಾಗಲೆಲ್ಲ ನಡುರಸ್ತೆಯಲ್ಲಿ ಬೆವರಲಿ, ಇಲ್ಲ ಮುಳ್ಳು ಅಲುಗಾಡದ ಹಾಗೆ ಸುಳ್ಳು ತಂತಿ ಕೊಟ್ಟು ಒಂದು ದಿನ ನಿಜವಾಗಲೂ ಬೇಯಿಸಲಾ, ಅಕ್ಕನೂ ಅದರಲ್ಲೇ ಕೂರುತ್ತಾಳಲ್ಲ, ಥೂ, ಮರಳು ಕಾಗದದಲ್ಲಿ ತಂತಿಯ ತುದಿ ಉಜ್ಜಿದ, ಬಿಗಿದ, ತಲೆಯೆತ್ತುವಾಗ ಎಂಜಿನ್ ತಣಿಸೋ ಕೂಲೆಂಟಿನ ಡಬ್ಬಿ ಕಣ್ಣಿಗೆ ಬಿತ್ತು.

ಗಿಳಿಹಸಿರು. ಅಂಚಿನ ಗೀಟಿನವರೆಗೆ ತುಂಬಿದ ದಟ್ಟ ಗಿಳಿಹಸಿರು, ಅಮ್ಮ ಇನ್ನೂ ಎದ್ದು ಓಡಾಡುತ್ತಿದ್ದ ಕಾಲದಲ್ಲಿ ತಾನೇ ಸುರಿದದ್ದು, ಕೊಡಗಟ್ಟಲೆ ನೀರು ಹೊಯ್ದಿದ್ದರೆ ಬಟ್ಟೆ ತೊಳೆದ ನೀರಿನ ಹಾಗೆ ತೆಳ್ಳಗಾಗಬೇಕಿತ್ತು, ಕುದಿದು ಉಕ್ಕಿದ್ದರೆ ಮುಚ್ಚಳದ ಸುತ್ತ ಸುಣ್ಣದಂಥ ಕಲೆ ಇರಬೇಕಿತ್ತು, ಒಂದು ಚುಕ್ಕೆಯಿಲ್ಲ, ಹಳೇ ಕಾಲದ ಗಾಡಿಗಳ ಕಥೆ ಕೇಳಿ ಸುಳ್ಳು ಕಟ್ಟಿದ್ದಾನೆ ಮಹಾರಾಯ, ಇನ್ನೊಬ್ಬನ ಕೈ ಸೋಕಿಲ್ಲ ಅಂತ ಈಗಷ್ಟೇ ಅವನ ಬಾಯಲ್ಲೇ ಬಂತಲ್ಲ, ಅಂದ್ರೆ ಬೇರೆ ಯಾರೂ ಇದನ್ನ ಬದಲಿಸಿಲ್ಲ, ಎದೆಯೊಳಗೆ ಏನೋ ಸಿಹಿಯಾಗಿ ಉಕ್ಕಿತು, ಅಕ್ಕಾ, ಇಳಿದು ಬಾ ಇಲ್ಲಿ, ನೋಡು, ಇದರಲ್ಲಿ ನೀರು ಎಲ್ಲಿದೆ ಹುಡುಕು, ಈ ಗಾಡಿ ಹುಟ್ಟಿದಾಗಿನಿಂದ ಕುದ್ದಿಲ್ಲ, ಅಕ್ಕ ಬಗ್ಗಿದಳು, ಮುಚ್ಚಳದ ಸುತ್ತ ಬೆರಳಾಡಿಸಿದಳು, ಬೆರಳು ನೋಡಿಕೊಂಡಳು, ನೀರು ಎಲ್ಲಿಗೆ ಹೊಯ್ದ್ರಿ ರೀ, ಅದೂ — ಅವತ್ತು ಕೆಂಪಿಗೆ ಹೋಗಿದ್ದು ನಿಜ ಕಣೇ, ಮುಳ್ಳು — ನೀರು ಎಲ್ಲಿಗೆ ಹೊಯ್ದ್ರಿ ಅಂತ ಕೇಳಿದೆ, ಭಾವ ಬಾಗಿಲ ಕಡೆಗೆ ಒಂದು ಹೆಜ್ಜೆ ಹಿಂದಿಟ್ಟ, ಬಾರಿಸು ಅಕ್ಕಾ, ಕೆನ್ನೆಗೆ ಬಾರಿಸು, ಅಮ್ಮನ ಲೆಕ್ಕದಲ್ಲಿ ಒಂದು, ನನ್ನ ಲೆಕ್ಕದಲ್ಲಿ ಒಂದು — ಅಕ್ಕ ತಿರುಗಿದಳು, ಗಂಡನ ಕಡೆಗಲ್ಲ, ತಮ್ಮನ ಕಡೆಗೆ, ನಗ್ತಿದ್ದೀಯಲ್ಲೋ, ಅಮ್ಮನ ಸಾವು ತೋರಿಸ್ತಾ ನಗ್ತಿದ್ದೀಯಲ್ಲೋ ನೀನು, ಇವನು ಬಾಯಿಗೆ ಗ್ರೀಸ್ ಕೈ ಅಡ್ಡ ಹಿಡಿದ, ಹೌದು, ಹಲ್ಲು ಹೊರಗಿದ್ದವು.

ಅಕ್ಕ ಸೀಟಿನಿಂದ ಚೀಲ ಎತ್ತಿಕೊಂಡಳು, ನಡೆದಳು, ಲೇ ನಿಲ್ಲೇ ಅಂತ ಭಾವ ತಿರುವಿನವರೆಗೂ ಓಡಿ ಏದುಸಿರು ಬಿಡುತ್ತಾ ಒಬ್ಬನೇ ವಾಪಸು ಬಂದ, ಇವನ ಮುಖ ನೋಡದೆ ಕಟ್ಟೆಯ ಮೇಲೆ ಕುಕ್ಕರಿಸಿದ, ಬರ್ತಾಳೆ, ಸಿಟ್ಟು ಇಳಿದ ಮೇಲೆ ಇಲ್ಲಿಗೇ ಬರ್ತಾಳೆ, ನನ್ನ ಬಿಟ್ಟು ಯಾರಿದ್ದಾರೆ ಅವಳಿಗೆ, ಬಿಸಿಲು ಗೋಡೆಯಿಂದ ಇಳಿಯಿತು, ಎದುರಿನ ಅಂಗಡಿಯವನು ಬಾಗಿಲೆಳೆದ, ಬರಲಿಲ್ಲ, ಎಂಜಿನ್ ಆರಿಸಬೇಕು, ಕೈ ಹೋಗುತ್ತಿಲ್ಲ, ಹೆಡ್‌ಲೈಟ್ ಹಾಕಿದ, ಆರಿಸಿದ, ಹಾಕಿದ, ಇನ್ನೊಂದು ಸಲ ಹಾರು ಅಂತ ಮೀಟರಿನ ಗಾಜಿನ ಮೇಲೆ ಬೆರಳಿನಿಂದ ಕುಟ್ಟಿದ, ಮುಳ್ಳು ನಡುವೆ, ಕದಲದೆ, ನಟ್ಟ ನಡುವೆ, ಮುಳ್ಳು —